ಮಣ್ಣಿಗೆ ಬಿಡದ ಹೆಸರು

ಬ್ರೈಯನಿ ನನ್ನ ಮನೆ ಬಾಗಿಲಿಗೆ ಬಂದಾಗ ಮಾರ್ಚ್ ತಿಂಗಳ ಕೊನೆ. ಏಳು ತಿಂಗಳ ಬಸುರಿ. ನನ್ನ ಅಣ್ಣನ ಒಬ್ಬಳೇ ಮಗಳು, ಹಟದಲ್ಲಿ ಅವನದೇ ಅಚ್ಚು. ಕೆಸರು ಮೆತ್ತಿದ ಬೂಟು ಕಳಚಲು ಬಗ್ಗಲಾಗದೆ ಹೊಸ್ತಿಲಲ್ಲೇ ನಿಂತಿದ್ದಳು. ನಾನೇ ಕೂತು ಎಳೆದು ತೆಗೆದೆ. ಚಹಾ ಮುಂದಿಟ್ಟರೆ ಮುಟ್ಟಲಿಲ್ಲ.

“ಅತ್ತೆ, ನಂಗೊಂದು ಹೆಸರು ಹುಡುಕಿಕೊಡು,” ಅಂದಳು.

“ಹೆಸರಿನ ಪುಸ್ತಕ ಬೇಕಾದಷ್ಟು ಸಿಗುತ್ತಲ್ಲೇ. ಅದಕ್ಕೆ ಈ ಹೊಟ್ಟೆ ಹೊತ್ಕೊಂಡು ಗುಡ್ಡ ಇಳಿದು ಬಂದ್ಯಾ?”

“ಅಂಥ ಹೆಸರಲ್ಲ. ನಮ್ಮ ವಂಶದಲ್ಲಿ ಯಾವ ಮಗೂನೂ ಅದನ್ನ ಇಟ್ಕೊಂಡು ಸತ್ತಿರಬಾರದು. ನೀನು ಊರೋರ ಮುತ್ತಜ್ಜಂದಿರನ್ನೆಲ್ಲ ಹುಡುಕಿ ಕೊಡ್ತೀಯಲ್ಲ, ನಮ್ಮೋರನ್ನೂ ಒಂದ್ಸಲ ಹುಡುಕು.”

ನಗಲು ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಎರಡು ವರ್ಷದ ಹಿಂದೆ ಅವಳ ಮೊದಲ ಮಗು ಮೂರು ವಾರ ಬದುಕಿ ಹೋಗಿತ್ತು. ಅದರ ಪುಟ್ಟ ಶವಪೆಟ್ಟಿಗೆಯನ್ನು ಅವಳ ಗಂಡ ಒಬ್ಬನೇ ಕಂಕುಳಲ್ಲಿ ಇಟ್ಟುಕೊಂಡು ಚರ್ಚಿಗೆ ನಡೆದದ್ದನ್ನು ನಾನು ಕಂಡಿದ್ದೇನೆ. ಮಗುವಿನ ಹೆಸರು ಜೇಬೆಜ್. ಬ್ರೈಯನಿಯ ತಂದೆ, ನನ್ನ ಅಣ್ಣ, ಅವನ ಹೆಸರೂ ಜೇಬೆಜ್. ನಮ್ಮ ಅಜ್ಜನೂ ಜೇಬೆಜ್, ಅವನ ಅಜ್ಜನೂ ಜೇಬೆಜ್. ಆಶ್‌ವರ್ಡೀನ್ ಊರಿನ ಮೇಲಿನ ಗುಡ್ಡದಲ್ಲಿ ವ್ರಾನ್ ಎಂಬ ನಮ್ಮ ಹೊಲಮನೆ ಇದೆ. ಅಲ್ಲಿ ಜೇಬೆಜ್ ಬೆಡ್ಡೋಸ್ ಎಂಬವನು ಇಲ್ಲದ ದಿನವೇ ಇಲ್ಲ ಎಂದು ನಮ್ಮವರು ಜಂಬ ಕೊಚ್ಚುತ್ತ ಬಂದಿದ್ದಾರೆ.

ಹಿಂದಿನ ಭಾನುವಾರ ಊಟಕ್ಕೆ ಕೂತಾಗ ಅಣ್ಣ ಕುರಿಮಾಂಸ ಕೊಯ್ಯುತ್ತ, ತಲೆ ಎತ್ತದೆ, “ಈ ಸಲದೋನು ಜೇಬೆಜ್ ಆಗ್ಲಿ” ಅಂದನಂತೆ. ಮೊಳೆಯದ ಬೀಜದ ಗುಣಿಯಲ್ಲಿ ಇನ್ನೊಂದು ಬೀಜ ಊರುವ ಹಾಗೆ.

“ನನ್ನ ಜೇಬೆಜ್ ಅಲ್ಲಿ ಮಣ್ಣಲ್ಲಿ ಮಲಗಿದಾನೆ, ಅತ್ತೆ,” ಅಂದಳು ಬ್ರೈಯನಿ. “ಆ ಹೆಸರು ಬಿಟ್ಟು ಅವನ ಹತ್ರ ಇನ್ನೇನೂ ಇಲ್ಲ. ಅದನ್ನೂ ಕಿತ್ಕೊಂಡು ತಮ್ಮನಿಗೆ ಕೊಡು ಅಂತಾರೆ ಅಪ್ಪ. ಕೊಟ್ಮೇಲೆ ಅವನು ಹುಟ್ಟೇ ಇರ್ಲಿಲ್ಲ ಅಂತಾಗುತ್ತೆ.”

“ನೀನು ತಾಯಿ. ನಿಂಗೆ ಬೇಕಾದ ಹೆಸರಿಟ್ಕೋ. ಅವನೇನ್ ಮಾಡ್ತಾನೆ?”

“ಹೆಸರು ಹೇಳೋದು ನಾನಲ್ವಲ್ಲ.”

ಅದು ನಿಜ. ನಮ್ಮ ಚರ್ಚಿನಲ್ಲಿ ಇನ್ನೂ ಹಳೆಯ ಪ್ರಾರ್ಥನೆ ಪುಸ್ತಕವೇ ನಡೆಯುತ್ತದೆ. ದೀಕ್ಷಾಸ್ನಾನದ ದಿನ ಪಾದ್ರಿ ಮಗುವನ್ನು ಎತ್ತಿಕೊಂಡು ಮಗುವಿನ ಹೊಣೆ ಹೊತ್ತು ನಿಲ್ಲುವ ಜ್ಞಾನತಂದೆಯ ಕಡೆ ತಿರುಗಿ, ‘ಈ ಮಗುವಿಗೆ ಹೆಸರಿಡು’ ಎನ್ನುತ್ತಾನೆ. ಆತ ಏನು ಹೇಳುತ್ತಾನೋ ಅದೇ ಹೆಸರಿಗೆ ನೀರು ಬೀಳುತ್ತದೆ. ಬಿದ್ದ ಮೇಲೆ ನಮ್ಮೂರಿನಲ್ಲಿ ಅದನ್ನು ಅಳಿಸಿದವರಿಲ್ಲ. ವ್ರಾನ್ ಮನೆಯಲ್ಲಿ ಮೊದಲಿನಿಂದಲೂ ಜ್ಞಾನತಂದೆಯಾಗಿ ನಿಲ್ಲುವವನು ಮಗುವಿನ ಅಜ್ಜ. ಅಣ್ಣನನ್ನು ಆ ಜಾಗದಿಂದ ಸರಿಸಿದರೆ ಅವನು ಮತ್ತೆ ಮಗಳ ಮುಖ ನೋಡುವುದಿಲ್ಲ. ಅತ್ತಿಗೆ ಹೋಗಿ ಬಹಳ ಕಾಲವಾಗಿದೆ. ಇರುವ ಒಬ್ಬ ತಂದೆಯನ್ನೂ ಕಳೆದುಕೊಳ್ಳಲು ಬ್ರೈಯನಿಗೆ ಮನಸ್ಸಿರಲಿಲ್ಲ.

“ಅದೇ ಹೆಸರು ಹಿಡಿದು ಇಷ್ಟು ಜನ ಸತ್ತಿದಾರೆ ಅಂತ ಕಾಗದದಲ್ಲಿ ತೋರಿಸಿದ್ರೆ ಒಪ್ಕೋಬಹುದು,” ಅಂದಳು. “ನನ್ನ ಮಾತು ಕೇಳಲ್ಲ. ನಿನ್ನ ದಾಖಲೆಯ ಮಾತು ಕೇಳ್ತಾರೆ.”

ಹುಡುಕುತ್ತೇನೆ ಎಂದು ಮಾತು ಕೊಟ್ಟೆ.

ನನ್ನ ಹೆಸರು ಯೂನಿಸ್. ಮದುವೆ ಆಗಲಿಲ್ಲ, ಅದರ ಬದಲು ಸತ್ತವರ ಸಂಗ ಹಿಡಿದೆ ಎಂದು ಊರವರು ಆಡಿಕೊಳ್ಳುತ್ತಾರೆ. ಆಸ್ಟ್ರೇಲಿಯಾ, ಕೆನಡಾಗಳಿಂದ ಜನ ಕಾಗದ ಬರೆದು ತಮ್ಮ ಮೂಲ ಕೇಳುತ್ತಾರೆ. ನಾನು ಚರ್ಚಿನ ಹಳೆಯ ಪುಟಗಳಲ್ಲಿ ಕೂಲಿಯವನೋ ಕಳ್ಳನೋ ಯಾರು ಸಿಕ್ಕಿದರೆ ಅವನನ್ನು ಹುಡುಕಿ ಕಳಿಸುತ್ತೇನೆ. ಎಲ್ಲರಿಗೂ ಜಮೀನ್ದಾರನೇ ಬೇಕು. ಇಷ್ಟೆಲ್ಲ ಮಾಡಿದವಳು ನಮ್ಮ ಮನೆಯ ಗೊಡವೆಗೆ ಹೋಗಿರಲಿಲ್ಲ. ದೀಪದ ಕೆಳಗೆ ಕತ್ತಲೆ ಅನ್ನುವುದು ಸುಳ್ಳಲ್ಲ. ನಮ್ಮ ವಂಶವೃಕ್ಷವನ್ನು ಅಜ್ಜ ತನ್ನ ಕೈಯಾರೆ ಬರೆದು, ಚಿನ್ನದ ಬಣ್ಣ ಬಳಿದು, ವ್ರಾನ್‌ನ ನಡುಮನೆಯಲ್ಲಿ ಗಾಜು ಹಾಕಿಸಿ ತೂಗುಹಾಕಿದ್ದ. ಕಾಂಡದುದ್ದಕ್ಕೂ ಒಬ್ಬರ ಮೇಲೊಬ್ಬರು ಜೇಬೆಜ್‌ಗಳು. ಗೋಡೆಯ ಮೇಲಿದ್ದದ್ದನ್ನು ನಾನೂ ನಂಬಿದ್ದೆ.

ಹಳೆಯ ದಾಖಲೆಗಳೆಲ್ಲ ಈಗ ಶ್ರೂಸ್‌ಬರಿ ಪೇಟೆಯ ದಾಖಲೆಮನೆಯಲ್ಲಿವೆ. ಬಸ್ಸಿನಲ್ಲಿ ಹೋಗಿ, ಹಳೆಯ ಪುಟಗಳ ಫಿಲ್ಮು ತಿರುಗಿಸಿ ತೋರಿಸುವ ಯಂತ್ರದ ಮುಂದೆ ಕೂತೆ. ಅಜ್ಜ ಬರೆದ ಮೊದಲ ಜೇಬೆಜ್ ಅಲ್ಲಿದ್ದ, ಅದೇ ತಾರೀಖಿಗೆ ದೀಕ್ಷಾಸ್ನಾನವಾಗಿತ್ತು. ಅಜ್ಜ ಅಲ್ಲಿಗೇ ಪುಸ್ತಕ ಮುಚ್ಚಿರಬೇಕು. ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಮದುವೆ ಮಾಡಿಸುವ ಮುಂಚೆ ಸಾಯಿಸಿ ನೋಡು. ಹುಟ್ಟಿದ ಮಗು ಸಿಕ್ಕಿತೆಂದು ಕುಣಿಯಬಾರದು. ಅದು ಬೆಳೆಯಿತೋ ಇಲ್ಲವೋ ಎಂದು ಸಮಾಧಿ ಪುಟ ತಿರುವಬೇಕು. ನಾನು ತಿರುವಿದೆ. ಆಗಸ್ಟಿನ ಸುಗ್ಗಿಗೆ ಹುಟ್ಟಿದವನನ್ನು ಕ್ರಿಸ್ಮಸ್ಸಿಗೆ ಮೊದಲೇ ಹೂತಿದ್ದರು. ಎರಡು ವರ್ಷ ಬಿಟ್ಟು ಇನ್ನೊಬ್ಬ ಜೇಬೆಜ್. ಅವನೂ ಹೋದ. ಮೂರನೆಯವನು ಉಳಿದ. ಕಾಂಡದ ಮೇಲೆ ಕೂತಿರಬೇಕಾದವನು ಅವನು. ಅಜ್ಜ ಸತ್ತ ಕೂಸಿಗೆ ಮದುವೆ ಮಾಡಿಸಿ, ಒಂಬತ್ತು ಮಕ್ಕಳನ್ನು ಹುಟ್ಟಿಸಿ, ಚಿನ್ನ ಬಳಿದಿದ್ದ.

ಮುಂದಿನ ತಲೆಮಾರಿನಲ್ಲೂ ಅದೇ. ಅದರ ಮುಂದೆಯೂ ಅದೇ. ಒಂದು ಕಡೆ ಜೇಬೆಜ್‌ನನ್ನು ಹೂತ ಪುಟಕ್ಕೂ ಜೇಬೆಜ್‌ಗೆ ದೀಕ್ಷಾಸ್ನಾನ ಕೊಟ್ಟ ಪುಟಕ್ಕೂ ನಡುವೆ ಒಂದು ಚಳಿಗಾಲವಷ್ಟೇ ಇತ್ತು. ಆ ತಾಯಿ ಒಬ್ಬನನ್ನು ಹೂಳುವಾಗ ಇನ್ನೊಬ್ಬನನ್ನು ಹೊತ್ತು ನಿಂತಿದ್ದಳು. ದೀಕ್ಷಾಸ್ನಾನದ ಪುಟದಲ್ಲಿ ಅವಳ ಹೆಸರಿತ್ತು, ಟ್ರೈಫೀನ. ಸಮಾಧಿ ಪುಟದಲ್ಲಿ ಅವಳ ಸುದ್ದಿಯೇ ಇಲ್ಲ. ‘ವ್ರಾನ್‌ನ ಬೆಡ್ಡೋಸ್‌ನ ಕೂಸು ಜೇಬೆಜ್’ ಎಂದಷ್ಟೇ ಬರೆದು ಗುಮಾಸ್ತ ಊಟಕ್ಕೆ ಹೋಗಿದ್ದ. ನನಗೆ ಅಲ್ಲೇ ಸಿಟ್ಟು ಬಂತು. ಇನ್ನೂರು ವರ್ಷದ ಹಿಂದೆ ಸತ್ತ ಗುಮಾಸ್ತನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ಆದರೂ ಬಂತು.

ಅಮ್ಮ ಹೇಳುತ್ತಿದ್ದ ಮಾತು ಆಗ ನೆನಪಾಯಿತು. ‘ಹೆಸರನ್ನ ಮಣ್ಣಲ್ಲಿ ಬಿಟ್ಟು ಬರಬಾರದು.’ ಅವಳ ಅತ್ತೆ ಅವಳಿಗೆ ಹೇಳಿದ್ದು, ಆ ಅತ್ತೆಗೆ ಇನ್ಯಾರೋ ಹೇಳಿದ್ದು. ದೊಡ್ಡವರ ಹತ್ತಾರು ಮಾತುಗಳಲ್ಲಿ ಇದೂ ಒಂದು ಎಂದು ನಾನು ಅರ್ಥ ಕೇಳಿರಲಿಲ್ಲ. ಹೂತು ಬರುವಾಗ ಹೆಸರನ್ನು ಮಾತ್ರ ವಾಪಸು ತಂದು, ಬಟ್ಟೆ ಒಗೆದು ಮಡಿಸಿಡುವ ಹಾಗೆ ಇಟ್ಟುಕೊಳ್ಳುತ್ತಿದ್ದರು, ಮುಂದಿನದಕ್ಕೆ.

ಬ್ರೈಯನಿ ಕೇಳಿದ್ದು ಸಿಗುವುದು ಸುಲಭವಿರಲಿಲ್ಲ. ಜೇಬೆಜ್ ಒಬ್ಬನೇ ಅಲ್ಲ, ಥಾಮಸ್‌ಗಳು, ವಿಲಿಯಮ್‌ಗಳು, ಹೆನ್ರಿಗಳು, ಎಲ್ಲ ಹೆಸರಿನ ಕೂಸುಗಳೂ ಸತ್ತಿದ್ದವು. ಬೈಬಲ್ಲಿನ ಹೆಸರುಗಳಿಗೆ ಬಂದೆ. ಸುವಾರ್ತೆ ಬರೆದ ನಾಲ್ವರಲ್ಲಿ ಮ್ಯಾಥ್ಯೂ, ಮಾರ್ಕ್, ಜಾನ್ ಮೂವರೂ ನಮ್ಮ ಮನೆಯಲ್ಲಿ ತೊಟ್ಟಿಲಲ್ಲೇ ಹೋಗಿದ್ದರು. ಲ್ಯೂಕ್ ಮಾತ್ರ ಇರಲಿಲ್ಲ. ಸತ್ತವರಲ್ಲೂ ಇಲ್ಲ, ಬದುಕಿದವರಲ್ಲೂ ಇಲ್ಲ. ಯಾಕೆ ಬಿಟ್ಟರೋ ಗೊತ್ತಿಲ್ಲ. ಬ್ರೈಯನಿಗೆ ಫೋನ್ ಮಾಡಿ ಹೇಳಿದೆ. ಅವಳು ಎರಡು ಸಲ ಆ ಹೆಸರನ್ನು ಬಾಯಲ್ಲಿ ಹೇಳಿ ನೋಡಿದಳು. “ಸಾಕು ಅತ್ತೆ, ಇದೇ,” ಅಂದು ಅತ್ತಳು.

ಆದರೂ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ನನ್ನದಲ್ಲ. ಈಚಿನ ಕಾಲದ ಸಮಾಧಿ ದಾಖಲೆ ಶ್ರೂಸ್‌ಬರಿಗೆ ಹೋಗಿಲ್ಲ, ನಮ್ಮ ಚರ್ಚಿನ ಕಬ್ಬಿಣದ ಪೆಟ್ಟಿಗೆಯಲ್ಲೇ ಇದೆ. ಆ ದಾಖಲೆ ನೋಡಿಕೊಳ್ಳುವವಳು ನಾನೇ, ಅದರ ಬೀಗದಕೈ ನನ್ನ ಅಡುಗೆಮನೆಯ ಮೊಳೆಗೆ ನೇತಾಡುತ್ತದೆ. ಅದನ್ನೂ ಒಮ್ಮೆ ನೋಡಿ ಲ್ಯೂಕ್ ಇಲ್ಲವೆಂದು ಖಚಿತ ಮಾಡಿಕೊಳ್ಳೋಣ ಎಂದು ಹೋದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೊಡ್ಡ ಹಿಮ ಬಿದ್ದು ದಾರಿಗಳೆಲ್ಲ ಮುಚ್ಚಿಹೋದ ಆ ಚಳಿಗಾಲದ ಪುಟ. ಜೇಬೆಜ್ ಬೆಡ್ಡೋಸ್, ವ್ರಾನ್, ವಯಸ್ಸು ಐದು ವಾರ. ನನ್ನ ಅಣ್ಣ ಹುಟ್ಟಿದ್ದು ಮರುವರ್ಷದ ಜೂನ್‌ನಲ್ಲಿ. ನಾನು ಅವನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ನಮಗೆ ಮೊದಲು ಯಾರಾದರೂ ಇದ್ದರೆಂದು ಆ ಮನೆಯಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ.

ಮಧ್ಯಾಹ್ನವೇ ಗುಡ್ಡ ಹತ್ತಿದೆ. ಏಪ್ರಿಲ್, ಕುರಿಗಳು ಮರಿ ಹಾಕುವ ಕಾಲ. ಅಣ್ಣ ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಮಂಡಿಯೂರಿ ಸತ್ತ ಮರಿಯೊಂದರ ಚರ್ಮ ಸುಲಿಯುತ್ತಿದ್ದ. ಪಕ್ಕದಲ್ಲಿ ಅದರ ತಾಯಿ ಕಾಲು ಕೆರೆಯುತ್ತ ನಿಂತಿತ್ತು. ಮೂಲೆಯಲ್ಲಿ ಬೇರೆ ಯಾವುದೋ ಕುರಿಯ ತಬ್ಬಲಿ ಮರಿ ಚೀರುತ್ತಿತ್ತು. ನಮ್ಮ ಕಡೆ ಎಲ್ಲರೂ ಮಾಡುವುದೇ ಇದು: ಸತ್ತದ್ದರ ಚರ್ಮವನ್ನು ತಬ್ಬಲಿಗೆ ಅಂಗಿಯ ಹಾಗೆ ತೊಡಿಸುತ್ತಾರೆ. ತಾಯಿ ಮೂಸಿ ನೋಡಿ, ತನ್ನದೇ ಎಂದುಕೊಂಡು ಹಾಲು ಕೊಡುತ್ತದೆ.

“ಬಂದ್ಯಾ, ಸತ್ತೋರ ರಾಯಭಾರಿ,” ಅಂದ ಅಣ್ಣ. “ಮಗಳ ಪರ ವಕಾಲತ್ತಿಗೆ ಬಂದಿದ್ರೆ ಹಾಗೇ ಇಳಿದು ಹೋಗು.”

ನಾನು ನಕಲು ಮಾಡಿಕೊಂಡ ಚೀಟಿಗಳನ್ನು ಹೊರಗೆ ತೆಗೆದೆ. ಒಂದೊಂದೇ ಜೇಬೆಜ್‌ನನ್ನು ಓದಿದೆ. ಅಜ್ಜನ ತಪ್ಪನ್ನೂ ಹೇಳಿದೆ. ಅವನು ಚಾಕು ನಿಲ್ಲಿಸಲಿಲ್ಲ.

“ಹುಟ್ಟಿದೋರೆಲ್ಲ ಸಾಯ್ತಾರೆ. ಇದರಲ್ಲಿ ಹೊಸದೇನಿದೆ?”

“ಹೊಸದು ಕೊನೇಲಿದೆ, ಅಣ್ಣ. ನೀನು ಎರಡನೆಯವನು. ನಿನಗಿಂತ ಮುಂಚೆ ಒಬ್ಬ ಇದ್ದ.”

ಅವನು ಮರಿಯ ಹಿಂಗಾಲಿನ ಚರ್ಮವನ್ನು ಕಾಲುಚೀಲದ ಹಾಗೆ ಎಳೆದು ತೆಗೆದ. “ಗೊತ್ತು,” ಅಂದ.

“ಗೊತ್ತಾ?”

“ಚರ್ಚಿನ ಅಂಗಳದ ಗೋಡೆ ಹತ್ರ, ಯೂ ಮರದ ಕೆಳಗೆ. ಕಲ್ಲಿಲ್ಲ, ದಿಬ್ಬ ಅಷ್ಟೇ. ನಂಗೆ ನಡೆಯೋಕೆ ಬಂದಾಗಿಂದ ಅಮ್ಮ ಕರ್ಕೊಂಡು ಹೋಗ್ತಿದ್ಳು. ಪ್ರಿಮ್‌ರೋಸ್ ಹೂವು ನನ್ನ ಕೈಲೇ ಇಡಿಸ್ತಿದ್ಳು. ‘ಇಡು, ಜೇಬೆಜ್‌ಗೆ ಇಡು’ ಅಂತಿದ್ಳು. ನಾನು ತುಂಬ ದಿನ ಅದರೊಳಗೆ ಇರೋದು ನಾನೇ ಅಂದ್ಕೊಂಡಿದ್ದೆ ಕಣೇ.”

ನಾನು ಹುಲ್ಲಿನ ಕಟ್ಟಿನ ಮೇಲೆ ಕೂತುಬಿಟ್ಟೆ.

“ನಿನ್ನ ಕರೆಯೋವಾಗ ಅಮ್ಮ ‘ಯೂನಿಸ್’ ಅಂತ ಕೂಗ್ತಿದ್ಳು, ನೀನು ಓಡ್ತಿದ್ದೆ,” ಅಂದ ಅವನು. “ನನ್ನ ಕೂಗಿ ಒಂದು ಗಳಿಗೆ ಕಾಯ್ತಿದ್ಳು. ನಾನು ಎದುರಿಗೆ ಬಂದು ನಿಂತ್ರೂ ನನ್ನ ಹಿಂದೆ ನೋಡ್ತಿದ್ಳು. ಸಾಯೋ ತನಕ ಹಾಗೇ.”

ತಬ್ಬಲಿ ಮರಿಯನ್ನು ಎತ್ತಿ ಅದರ ನಾಲ್ಕು ಕಾಲುಗಳನ್ನೂ ಹಸಿ ಚರ್ಮದ ತೂತುಗಳಲ್ಲಿ ತೂರಿಸಿದ. ಚರ್ಮ ಸ್ವಲ್ಪ ದೊಡ್ಡದಾಗಿ ಜೋತುಬಿದ್ದಿತ್ತು. ಕುರಿಯ ಮುಂದೆ ಬಿಟ್ಟ. ಕುರಿ ಮೂಸಿತು, ಮತ್ತೆ ಮೂಸಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಒದೆಯಲಿಲ್ಲ.

“ನೋಡು, ಕೆಲಸ ಆಗುತ್ತೆ,” ಅಂದ. “ಎರಡು ದಿನ ಬಿಟ್ಟು ಚರ್ಮ ಬಿಚ್ತೀವಿ. ಅಷ್ಟೊತ್ತಿಗೆ ತಾಯಿಗೆ ಇದರದೇ ವಾಸನೆ ಅಭ್ಯಾಸ ಆಗಿರುತ್ತೆ.” ಕೈ ಒರೆಸಿಕೊಂಡ. “ನನ್ನದು ಯಾರೂ ಬಿಚ್ಚಲಿಲ್ಲ.”

“ಇಷ್ಟು ಗೊತ್ತಿದ್ದೂ ಆ ಕೂಸಿಗೆ ಅದನ್ನೇ ತೊಡಿಸ್ತೀಯಲ್ಲ. ನಿನ್ನ ಎದೆ ಕಲ್ಲಾ?”

“ಅದು ತಪ್ಪು ಅಂತ ನಾನು ಒಪ್ಕೊಂಡ್ರೆ,” ಅಂದ, ಮೊದಲ ಸಲ ನನ್ನ ಮುಖ ನೋಡುತ್ತ, “ನಾನು ಯಾರು ಅಂತ ಹೇಳೇ. ಎಪ್ಪತ್ತೈದು ವರ್ಷ ಯಾರ ಬದುಕು ಬದುಕಿದೆ ನಾನು?”

ದಾಖಲೆಗಳಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಲ್ಯೂಕ್ ಎಂಬ ಹೆಸರನ್ನು ಮಾತ್ರ ಹೇಳಿ, ಬ್ರೈಯನಿಗೆ ಅದು ಬೇಕು ಎಂದೆ. ಅವನು ಕೇಳಿಸಿಕೊಂಡನೋ ಇಲ್ಲವೋ, ಸತ್ತ ಮರಿಯ ಉಳಿದ ಮೈಯನ್ನು ಗೋಣಿಗೆ ತುಂಬಿ ಹೊರಗೆ ಹೋದ. ನಾನು ಗುಡ್ಡ ಇಳಿದೆ. ನನ್ನ ಮೇಲೇ ನನಗೆ ನಾಚಿಕೆಯಾಯಿತು. ಅವನ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಿ ಬೆಳೆದವಳಿಗೆ ಅಮ್ಮ ಅವನ ಹಿಂದೆ ನೋಡುತ್ತಿದ್ದದ್ದು ಕಂಡಿರಲಿಲ್ಲ.

ಬ್ರೈಯನಿಗೆ ಗಂಡುಮಗುವೇ ಆಯಿತು. ಗಟ್ಟಿ ಕೂಸು, ಊರಿಗೆಲ್ಲ ಕೇಳುವ ಹಾಗೆ ಅಳುತ್ತಿತ್ತು. ಅಣ್ಣ ಆಸ್ಪತ್ರೆಗೆ ಹೋಗಿ ನೋಡಿ ಬಂದ. ಹೆಸರಿನ ಮಾತೇ ಎತ್ತಲಿಲ್ಲ. ಅವಳು ಎತ್ತಿದರೆ ಕಿಟಕಿಯಾಚೆ ನೋಡಿದ. “ಅಪ್ಪ ಏನು ಹೇಳ್ತಾರೋ ಗೊತ್ತಿಲ್ಲ ಅತ್ತೆ,” ಎಂದು ಅವಳು ದೀಕ್ಷಾಸ್ನಾನದ ಹಿಂದಿನ ದಿನವೂ ನನ್ನನ್ನು ಕೇಳಿದಳು. “ನಂಗೂ ಗೊತ್ತಿಲ್ಲ ಮಗಾ,” ಅಂದೆ. ಸುಳ್ಳು ಸಮಾಧಾನ ಹೇಳಲು ನನಗೆ ಬರುವುದಿಲ್ಲ.

ಜುಲೈನ ಭಾನುವಾರ. ನಮ್ಮ ಚರ್ಚು ಬೇಸಿಗೆಯಲ್ಲೂ ನೆಲಮಾಳಿಗೆಯಂತೆ ತಣ್ಣಗೆ. ಪಾದ್ರಿ ಗಿಟ್ಟಿನ್ಸ್ ಆರು ಊರಿಗೆ ಒಬ್ಬರೇ, ಇನ್ನೊಂದು ಕಡೆ ಹೋಗಬೇಕೆಂದು ಅವಸರದಲ್ಲಿದ್ದರು. ಕಲ್ಲಿನ ನೀರುತೊಟ್ಟಿಯ ಒಂದು ಪಕ್ಕ ನಾನು, ಎದುರಿಗೆ ಕಪ್ಪು ಕೋಟು ಹಾಕಿದ ಅಣ್ಣ. ನಮ್ಮ ಎಲ್ಲ ಜೇಬೆಜ್‌ಗಳಿಗೂ ನೀರು ಬಿದ್ದದ್ದು ಅದೇ ತೊಟ್ಟಿಯಲ್ಲಿ. ಬ್ರೈಯನಿ ಮಗುವನ್ನು ಪಾದ್ರಿಯ ತೋಳಿಗೆ ಕೊಟ್ಟು, ಕೊಟ್ಟ ಕೈಗಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡಿದ್ದಳು.

“ಈ ಮಗುವಿಗೆ ಹೆಸರಿಡು,” ಅಂದರು ಪಾದ್ರಿ.

ಬಾಗಿಲು ತೆರೆದೇ ಇತ್ತು, ಯೂ ಮರದ ನೆರಳು ಹೊಸ್ತಿಲ ತನಕ ಬಂದಿತ್ತು. ಅಣ್ಣ ಅದರ ಕಡೆ ನೋಡುತ್ತಿದ್ದ. ಪಾದ್ರಿ ಕೆಮ್ಮಿ, ಎರಡನೆಯ ಸಲ ಅದೇ ಮಾತು ಹೇಳಿದರು. ಅಣ್ಣನ ತುಟಿ ‘ಜೇ’ ಎಂಬಷ್ಟಕ್ಕೆ ಅಗಲವಾದದ್ದನ್ನು ನಾನು ಕಂಡೆ. ಬ್ರೈಯನಿಯೂ ಕಂಡಳು. ಅವಳು ಮಗುವಿಗೆ ಕೈ ಚಾಚಲಿಲ್ಲ. ತಂದೆಯ ಮುಖವನ್ನೇ ನೋಡಿದಳು, ಅವನ ಹಿಂದೆ ಇನ್ಯಾರನ್ನೂ ಹುಡುಕದೆ, ನೇರವಾಗಿ.

“ಲ್ಯೂಕ್,” ಅಂದ ಅಣ್ಣ.

ನಾಯಿಯನ್ನು ಗದರಿಸುವಂಥ ದನಿಯಲ್ಲಿ ಅಂದ. ಪಾದ್ರಿ ಅದನ್ನೇ ಹೇಳಿ ನೀರು ಸುರಿದರು. ಮಗು ಚೀರಿತು. ಬ್ರೈಯನಿ ಅಳುತ್ತಿದ್ದಳು, ಅವಳ ಗಂಡನೂ. ಅಣ್ಣ ಮಾತ್ರ ಮುಗಿಯುವ ತನಕ ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಚಹಾ, ಕೇಕಿಗೆ ನಿಲ್ಲದೆ ಕುರಿ ನೋಡಬೇಕೆಂದು ಗುಡ್ಡ ಹತ್ತಿ ಹೋದ. ನಡುಮನೆಯ ಗೋಡೆಯಿಂದ ಅಜ್ಜನ ವಂಶವೃಕ್ಷವನ್ನು ಅವತ್ತೇ ಇಳಿಸಿದನಂತೆ. ಏನು ಮಾಡಿದ ಎಂದು ಯಾರೂ ಕೇಳಲಿಲ್ಲ.

ಅದಾದ ಮೇಲೆ ಅವನು ಹೆಚ್ಚು ಮಾತಾಡಲಿಲ್ಲ. ಆ ಹೆಸರು ಹೇಳಿ ಅವನಿಗೆ ಹಗುರವಾಯಿತು ಎಂದು ಬರೆಯುವ ಆಸೆ ನನಗೂ ಇದೆ. ಆಗಲಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ, ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಮರಿ’ ಅನ್ನುತ್ತಿದ್ದ. ನವೆಂಬರಿನಲ್ಲಿ ನೆಗಡಿ ಎದೆಗೆ ಇಳಿಯಿತು. ಡಾಕ್ಟರು ಆಸ್ಪತ್ರೆ ಅಂದರು, ಅವನು ಒಲ್ಲೆ ಅಂದ. ಒಂದು ಬೆಳಿಗ್ಗೆ ನಾನು ಗಂಜಿ ಕುಡಿಸುವಾಗ, “ಯೂನಿ, ನನ್ನನ್ನ ಅಪ್ಪ ಅಮ್ಮನ ಪಕ್ಕ ಹಾಕಬೇಡಿ,” ಅಂದ.

“ಮತ್ತೆಲ್ಲಿ?”

“ಆ ದಿಬ್ಬದ ಹತ್ರ. ಅವನು ಒಬ್ಬನೇ ಇದಾನೆ. ಅವನ ಹೆಸರು ಇಷ್ಟು ದಿನ ನನ್ನ ಹತ್ರ ಇತ್ತು. ವಾಪಸ್ ಕೊಡಬೇಕು.”

“ಕೊಟ್ಮೇಲೆ ನಿಂಗೇನು ಉಳಿಯುತ್ತೆ?”

“ಅದನ್ನೇ ನೋಡ್ಬೇಕು,” ಅಂದ. ಅವನು ತಮಾಷೆ ಮಾಡಿದನೋ ಏನೋ ನನಗೆ ತಿಳಿಯಲಿಲ್ಲ.

ಅವನನ್ನು ಯೂ ಮರದ ಕೆಳಗೆ ಹೂತೆವು. ನೆಲ ಬೇರು ತುಂಬಿ ಗಟ್ಟಿಯಾಗಿತ್ತು, ಅಗೆಯುವವರು ಬೈದುಕೊಂಡು ಅಗೆದರು. ಸಮಾಧಿ ದಾಖಲೆಯಲ್ಲಿ ನಾನೇ ಬರೆದೆ: ಜೇಬೆಜ್ ಬೆಡ್ಡೋಸ್, ವ್ರಾನ್. ಅದೇ ಪುಸ್ತಕದಲ್ಲಿ, ಹಿಂದಿನ ಪುಟಗಳಲ್ಲಿ, ಅದೇ ಹೆಸರು ಅದೇ ಮನೆ ಇನ್ನೊಬ್ಬರ ಅಕ್ಷರದಲ್ಲಿ ಇತ್ತು. ಮುಂದೆ ಯಾರೋ ನನ್ನಂಥವಳು ಇದನ್ನು ತಿರುವಿ, ಅಜ್ಜನ ಹಾಗೆ ಒಬ್ಬನನ್ನೇ ಕಂಡು ಇನ್ನೊಬ್ಬನನ್ನು ಬಿಟ್ಟುಬಿಡುತ್ತಾಳೆ ಎಂದು ಭಯವಾಯಿತು. ಕಾಗದವನ್ನು ನಾನು ಈಗ ಅಷ್ಟು ನಂಬುವುದಿಲ್ಲ. ಅದಕ್ಕೇ ಕಲ್ಲು ಹಾಕಿಸಬೇಕೆಂದು ಬ್ರೈಯನಿಗೆ ಹೇಳಿದೆ.

ಕೆತ್ತನೆಯವನು ಲಡ್ಲೋ ಪೇಟೆಯವನು, ಹೊಸಬ. ನಾನು ಬರೆದುಕೊಟ್ಟ ಹಾಳೆಯನ್ನು ಹಿಡಿದು ಬಹಳ ಹೊತ್ತು ನೋಡಿದ. ಬ್ರೈಯನಿ ಲ್ಯೂಕ್‌ನನ್ನು ಸೊಂಟದ ಮೇಲೆ ಕೂರಿಸಿಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದಳು. ಮಗು ಕಲ್ಲಿನ ಪುಡಿಯಲ್ಲಿ ಕೈಯಾಡಿಸಲು ಬಗ್ಗುತ್ತಿತ್ತು.

“ತಪ್ಪಾಗಿದೆ ಅನ್ಸುತ್ತೆ, ಅಮ್ಮಾ,” ಅಂದ ಕೆತ್ತನೆಯವನು. “ಒಂದೇ ಹೆಸರನ್ನ ಎರಡು ಸಲ ಬರ್ದಿದ್ದೀರಿ.”

“ತಪ್ಪಾಗಿಲ್ಲ,” ಅಂದೆ. “ಇಬ್ಬರಿದ್ರು.”